ಹಿರಿಯರ ಹೊಲದ ಜಾಡು

ಪಟ್ಟಣಗಳಲ್ಲಿ ನೆಲೆಸಿರುವ ನಮ್ಮ ವಿದ್ಯಾವಂತ ಕುಟುಂಬಗಳಲ್ಲಿ ಒಂದು ಮಾತು ಆಗಾಗ ಕೇಳಬರುವುದುಂಟು. “ಮುತ್ತಜ್ಜನ ಕಾಲದಲ್ಲಿ ಹರಿಹರದ ಹತ್ತಿರ ಹೊಳೆಯ ದಂಡೆಯಲ್ಲಿ ನಮಗೆ ಜಮೀನಿತ್ತಂತೆ, ಯಾರ ಪಾಲಾಯಿತೋ ತಿಳಿಯದು” ಎಂಬುದೇ ಆ ಮಾತು. ಜಮೀನಿನ ವಿಸ್ತೀರ್ಣವು ಹೇಳುವವರ ವಯಸ್ಸಿನೊಡನೆ ಬೆಳೆಯುತ್ತ ಹೋಗುವುದೂ ಉಂಟು. ಈ ‘ಅಂತೆ’ ಎಂಬ ಎರಡಕ್ಷರವನ್ನು ಕಾಗದಪತ್ರಗಳ ಮುಂದೆ ನಿಲ್ಲಿಸಿ, ಅದು ಎಷ್ಟುಮಟ್ಟಿಗೆ ನಿಜವೆಂದು ವಿಚಾರಿಸುವ ಕ್ರಮ ಯಾವುದು? ದಾವಣಗೆರೆ ಹರಿಹರಗಳ ಸೀಮೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಈ ವಿಷಯವಾಗಿ ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇವೆ. ಇದು ಬರಿಯ ಕುತೂಹಲದ ವಿಷಯವಲ್ಲ. ಹೀಗೆ ಹುಡುಕಲು ಹೊರಟವರು ತಮ್ಮದಲ್ಲದ ಹೊಲವನ್ನು ತಮ್ಮದೆಂದು ನಂಬಿ ವ್ಯಾಜ್ಯಕ್ಕಿಳಿದದ್ದುಂಟು. ತಮಗೆ ಸಲ್ಲತಕ್ಕ ಪಾಲನ್ನು ಕಾಗದದ ಒಕ್ಕಣೆ ತಿಳಿಯದೆ ಬಿಟ್ಟುಕೊಟ್ಟವರೂ ಉಂಟು. ಈ ಎರಡನೆಯವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು.

ವಂಶಶೋಧನೆಯನ್ನು ಕುರಿತ ಇಂಗ್ಲಿಷ್ ಪುಸ್ತಕಗಳನ್ನು ತೆರೆದು ನೋಡಿದರೆ ಅಲ್ಲಿ ಕಾಣುವ ಮೊದಲ ಉಪದೇಶ ‘ಉಯಿಲನ್ನು ಹುಡುಕಿರಿ’ ಎಂಬುದು. ಅಮೆರಿಕದ ವರ್ಜೀನಿಯಾ ಇಂಗ್ಲಿಷರ ವಸಾಹತಾಗಿದ್ದ ಕಾಲದಲ್ಲಿ, ೧೬೧೮ರಿಂದ ಮುಂದಕ್ಕೆ, ಹಡಗಿನ ಖರ್ಚು ಕೊಟ್ಟು ಕರೆತಂದ ಒಂದೊಂದು ಆಳಿಗೂ ಐವತ್ತೈವತ್ತು ಎಕರೆಯಂತೆ ಭೂಮಿ ಕೊಡುವ ಪದ್ಧತಿಯಿತ್ತು. ಹಾಗೆ ಬಂದ ಭೂಮಿಯನ್ನು ಯಜಮಾನನು ತನ್ನ ಉಯಿಲಿನಲ್ಲಿ ಯಾವ ಮಗನಿಗೆ ಯಾವ ಭಾಗವೆಂದು ಬರೆದಿಡುತ್ತಿದ್ದನು. ಆ ಉಯಿಲೂ ಕ್ರಯಪತ್ರಗಳೂ ಕೌಂಟಿಯ ನ್ಯಾಯಸ್ಥಾನದ ಪುಸ್ತಕಗಳಲ್ಲಿ ನಕಲಾಗುತ್ತಿದ್ದುವು. ಗಂಡನ ಭೂಮಿಯಲ್ಲಿ ಹೆಂಡತಿಗೆ ಜೀವಮಾನಪರ್ಯಂತದ ಒಂದು ಹಕ್ಕಿದ್ದುದರಿಂದ, ಭೂಮಿಯನ್ನು ಮಾರುವಾಗ ಆಕೆಯ ಒಪ್ಪಿಗೆಯನ್ನೂ ದಾಖಲು ಮಾಡಿಸುತ್ತಿದ್ದರು. ಹೀಗಾಗಿ ಇಂದಿನ ಅಮೆರಿಕದವನೊಬ್ಬನು ಮುನ್ನೂರು ವರ್ಷಗಳ ಹಿಂದಿನ ತನ್ನ ಹಿರಿಯನ ಹೊಲದ ಮೂಲೆಯಲ್ಲಿದ್ದ ಓಕ್ ಮರದ ಗುರುತನ್ನೂ, ಮನೆಯೊಡತಿಯ ಹೆಸರನ್ನೂ ಒಂದೇ ಕಟ್ಟಡದಲ್ಲಿ ಕುಳಿತು ಓದಬಲ್ಲನು.

ಈ ಉಪದೇಶವನ್ನು ನಂಬಿ ನಮ್ಮವರು ಹರಿಹರದಲ್ಲಿ ಮುತ್ತಜ್ಜನ ಉಯಿಲನ್ನು ಹುಡುಕಿದರೆ ಬಹುಶಃ ಬರಿಗೈಯಲ್ಲಿ ಹಿಂತಿರುಗಬೇಕಾದೀತು. ಮುತ್ತಜ್ಜನ ಅಲಕ್ಷ್ಯ ಇದಕ್ಕೆ ಕಾರಣವಲ್ಲ. ನಮ್ಮ ಧರ್ಮಶಾಸ್ತ್ರವೇ ಕಾರಣ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರವೆಂಬ ವ್ಯಾಖ್ಯಾನವು ಬಂಗಾಳವೊಂದನ್ನುಳಿದು ಭರತಖಂಡದ ಬಹುಭಾಗಕ್ಕೆ ದಾಯಭಾಗದ ವಿಷಯದಲ್ಲಿ ಪ್ರಮಾಣವಾಯಿತು. ಅದರ ಪ್ರಕಾರ ಪಿತ್ರಾರ್ಜಿತ ಭೂಮಿಯಲ್ಲಿ ಮಗನಿಗೆ ಹುಟ್ಟುತ್ತಲೇ ಹಕ್ಕುಂಟು. ಹುಟ್ಟಿನಿಂದಲೇ ಇನ್ನೊಬ್ಬನಿಗೆ ಸೇರಿದ ವಸ್ತುವನ್ನು ತಂದೆಯು ಸಾಯುವಾಗ ಕೊಡುವುದೆಂದರೇನು? ಒಟ್ಟುಕುಟುಂಬದ ಸ್ವತ್ತಿನಲ್ಲಿ ತನ್ನ ಪಾಲನ್ನು ಒಬ್ಬ ಹಿಂದುವು ಉಯಿಲಿನ ಮೂಲಕ ಕೊಡಬಹುದೆಂದು ಕಾನೂನೇ ಹೇಳಿದ್ದು ೧೯೫೬ರಲ್ಲಿ. ಅದಕ್ಕೆ ಹಿಂದಿನ ಕಾಲದ ಉಯಿಲು ದೊರೆತರೆ, ಅದು ಸಾಮಾನ್ಯವಾಗಿ ಗಂಡುಸಂತಾನವಿಲ್ಲದವನದೋ, ಸ್ವಯಾರ್ಜಿತ ಸಂಪತ್ತಿದ್ದ ವರ್ತಕನದೋ, ಛತ್ರಕ್ಕೋ ದೇವಸ್ಥಾನಕ್ಕೋ ಬಿಟ್ಟುಕೊಟ್ಟವನದೋ ಆಗಿರುತ್ತದೆ. ಆದುದರಿಂದ ನಾವು ಮುಖ್ಯವಾಗಿ ಹುಡುಕಬೇಕಾದದ್ದು ವಿಭಾಗಪತ್ರಗಳನ್ನು. ಅಣ್ಣತಮ್ಮಂದಿರು ಬೇರೆಯಾದ ದಿನವೇ ನಮ್ಮಲ್ಲಿ ಹೊಲಗಳ ಹೆಸರು ಕಾಗದಕ್ಕೇರಿದ ದಿನ. ಅದರ ಸುತ್ತ ಭೋಗ್ಯಪತ್ರ, ಮುದ್ದತುಕ್ರಯ, ದತ್ತಕಪತ್ರ, ಜೀವನಾಂಶದ ಪತ್ರ, ಹಕ್ಕುಖುಲಾಸೆ ಇವೆಲ್ಲ ಸೇರಿಕೊಳ್ಳುತ್ತವೆ.

ಹರಿಹರದಲ್ಲಿ ಇಂಗ್ಲಿಷ್ ರೀತಿಯ ಉಯಿಲುಗಳಿಗೂ ಒಂದು ಎಡೆಯಿತ್ತು. ಊರಿನ ವಾಯವ್ಯಕ್ಕೆ ಎರಡು ಮೈಲಿ ದೂರದಲ್ಲಿ ೧೮೬೫ರವರೆಗೆ ದೇಶೀಯ ಸಿಪಾಯಿಗಳ ರೆಜಿಮೆಂಟೊಂದರ ದಂಡು ಬೀಡುಬಿಟ್ಟಿತ್ತು. ಕಂಪೆನಿಯ ಸೇವೆಯಲ್ಲಿ ಸತ್ತ ಯೂರೋಪಿಯನ್ ಅಧಿಕಾರಿಗಳ ಉಯಿಲುಗಳ ನಕಲುಗಳು ಲಂಡನ್ನಿನ ಬ್ರಿಟಿಷ್ ಗ್ರಂಥಭಂಡಾರದ ಇಂಡಿಯಾ ಆಫೀಸು ದಾಖಲೆಗಳಲ್ಲಿ ಇಂದಿಗೂ ಇವೆ. ಆದರೆ ಅವುಗಳಿಂದ ಹೊಲದ ಸುದ್ದಿ ತಿಳಿಯುವುದು ಅಪರೂಪ. ಊರಿಂದೂರಿಗೆ ತಿರುಗುವ ಸಿಪಾಯಿಗಿರಿಯವರ ಆಸ್ತಿ ಕುದುರೆ, ಕತ್ತಿ, ಗಡಿಯಾರ, ಬಾಕಿ ಸಂಬಳ ಇಂಥವೇ.

ಹುಡುಕುವವನು ಎರಡನೆಯದಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ ‘ಆ ಹೊಲ ಯಾವ ಸರ್ಕಾರದ ಕೆಳಗಿತ್ತು?’ ಎಂಬುದು. ಹರಿಹರವು ಮೂರು ಸೀಮೆಗಳು ಕೂಡುವ ಸ್ಥಳ. ಊರು ಮೈಸೂರು ಸಂಸ್ಥಾನದ್ದು. ತುಂಗಭದ್ರೆಯನ್ನು ದಾಟಿದರೆ ರಾಣೆಬೆನ್ನೂರು ಸೀಮೆ, ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದು. ಈಶಾನ್ಯದ ಹರಪನಹಳ್ಳಿಯು ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದು. ಹೊಳೆಗೆ ಸೇತುವೆ ಮುಗಿದದ್ದು ೧೮೬೮ರಲ್ಲಿ. ಆದರೂ ನೆಂಟಸ್ತಿಕೆಗೂ ವ್ಯಾಪಾರಕ್ಕೂ ಹೊಳೆ ಎಂದೂ ಅಡ್ಡಿಯಾಗಿರಲಿಲ್ಲ. ಒಂದೇ ಮನೆತನದವರು ಮೂರು ಸರ್ಕಾರಗಳಿಗೂ ಕಂದಾಯ ಕಟ್ಟುತ್ತಿದ್ದುದುಂಟು. ಆದಕಾರಣ ಮೈಸೂರಿನ ಹಳೆಯ ಕಾಗದಗಳಿಗೆ ಬೆಂಗಳೂರು ಮೈಸೂರುಗಳ ರಾಜ್ಯ ಪತ್ರಾಗಾರ, ಮದರಾಸಿನವಕ್ಕೆ ಚೆನ್ನೈನ ಪತ್ರಾಗಾರ, ಮುಂಬಯಿಯವಕ್ಕೆ ಮುಂಬಯಿ ಪುಣೆಗಳ ಪತ್ರಾಗಾರ, ಹೀಗೆ ದಾರಿ ಒಡೆಯುತ್ತದೆ. ಇಂದಿನ ಜಿಲ್ಲೆಯ ಹೆಸರನ್ನು ನೆಚ್ಚಿಕೊಂಡು ಹೋದರೆ ದಿಕ್ಕು ತಪ್ಪುವುದು ಸಹಜ. ದಾವಣಗೆರೆ ಜಿಲ್ಲೆ ಹುಟ್ಟಿದ್ದು ೧೯೯೭ರಲ್ಲಿ. ಅದಕ್ಕೆ ಹಿಂದೆ ದಾವಣಗೆರೆ, ಹರಿಹರ, ಜಗಳೂರುಗಳು ಚಿತ್ರದುರ್ಗಕ್ಕೂ, ಹೊನ್ನಾಳಿ ಚನ್ನಗಿರಿಗಳು ಶಿವಮೊಗ್ಗಕ್ಕೂ, ಹರಪನಹಳ್ಳಿ ಬಳ್ಳಾರಿಗೂ ಸೇರಿದ್ದುವು. ಹರಪನಹಳ್ಳಿಯಂತೂ ೨೦೧೮ರಲ್ಲಿ ಬಳ್ಳಾರಿಗೆ ಮರಳಿ, ೨೦೨೧ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಗಿದೆ. ರಾಣೆಬೆನ್ನೂರು ೧೯೯೭ರಿಂದ ಹಾವೇರಿ ಜಿಲ್ಲೆಯಲ್ಲಿದೆ.

ಸರ್ಕಾರಕ್ಕೊಂದು ಲಿಪಿ, ಸರ್ಕಾರಕ್ಕೊಂದು ಶಕೆ. ಹರಿಹರವನ್ನು ೧೭೬೩ರಲ್ಲಿ ಹೈದರನು ಹಿಡಿದನು; ತರುವಾಯ ಮೂರು ಬಾರಿ ಮರಾಠರು ಅದನ್ನು ಕೈಮಾಡಿಕೊಂಡರು. ಆ ಕಾಲದ ಸನದುಗಳು ಮೋಡಿ ಲಿಪಿಯಲ್ಲಿದ್ದರೆ ಆಶ್ಚರ್ಯವಿಲ್ಲ. ಹರಪನಹಳ್ಳಿಯ ಕಡೆಯ ಕಾಗದಗಳಲ್ಲಿ ಫಸಲಿ ವರ್ಷವಿರುತ್ತದೆ. ಅದಕ್ಕೆ ೫೯೦ನ್ನು ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ. ಫಸಲಿ ೧೩೦೦ ಎಂದರೆ ೧೮೯೦–೯೧. ನಮ್ಮ ಕಡೆಯ ಪತ್ರಗಳಲ್ಲಿ ಸಂವತ್ಸರ, ಮಾಸ, ತಿಥಿಗಳನ್ನು ಮಾತ್ರ ಬರೆದು ಶಕವರ್ಷವನ್ನು ಬಿಟ್ಟಿರುವುದುಂಟು. ಆಗ ಅರುವತ್ತು ವರ್ಷಗಳ ಸಂದೇಹ ಎದುರಾಗುತ್ತದೆ. ‘ಪ್ರಭವ ಸಂವತ್ಸರ’ ಎಂದರೆ ೧೮೬೭–೬೮ ಆಗಬಹುದು, ೧೯೨೭–೨೮ ಆಗಬಹುದು. ಅಜ್ಜನ ಸಾಲವನ್ನು ಮೊಮ್ಮಗನ ತಲೆಗೆ ಕಟ್ಟಲು ಇಷ್ಟು ಸಾಕು! ಇಂಥಲ್ಲಿ ಛಾಪಾ ಕಾಗದದ ಮುದ್ರೆಯೂ, ಸಾಕ್ಷಿಗಳ ಹೆಸರೂ, ಹಣವನ್ನು ವರಹದಲ್ಲಿ ಎಣಿಸಿದೆಯೋ ರೂಪಾಯಿಯಲ್ಲೋ ಎಂಬುದೂ ದಾರಿ ತೋರಿಸಬೇಕು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಈ ಸೀಮೆಯ ಹೊಲಗಳ ಚರಿತ್ರೆಯನ್ನು ಎರಡಾಗಿ ಸೀಳುವ ಒಂದು ಗೆರೆಯುಂಟು, ಅದೇ ಸರ್ವೆ. ಮುಂಬಯಿ ಆಧಿಪತ್ಯದಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬ ಅಧಿಕಾರಿಗಳು ರೂಪಿಸಿದ ಪದ್ಧತಿಯನ್ನು ಮೈಸೂರಿನಲ್ಲಿ ೧೮೬೩ರಲ್ಲಿ ಆರಂಭಿಸಿದರು. ಸಂಸ್ಥಾನವು ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದಿತು. ಬೌರಿಂಗ್ ಸಾಹೇಬರು ಕಮಿಷನರು. ಕೆಲಸವು ಮೊದಲಾದದ್ದು ಧಾರವಾಡ ಸೀಮೆಗೆ ಅಂಟಿಕೊಂಡಿರುವ ಚಿತ್ರದುರ್ಗದ ಕಡೆಯಿಂದ. ಮೂವತ್ತಮೂರು ಅಡಿಯ ಸರಪಳಿ ಹಿಡಿದು ಅಳೆದು, ಮೂಲೆಗಳಲ್ಲಿ ಕಲ್ಲು ನೆಟ್ಟು, ಒಂದೊಂದು ಹೊಲಕ್ಕೂ ನಂಬರು ಕೊಟ್ಟು, ಗ್ರಾಮದ ನಕ್ಷೆ ಬರೆದರು. ಸರಪಳಿಯ ಉದ್ದಗಲದ ಒಂದು ಚೌಕವೇ ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಈ ಸರ್ವೆಗೆ ಮೊದಲು ಹೊಲಕ್ಕೆ ಹೆಸರಿತ್ತು, ನಂಬರಿರಲಿಲ್ಲ; ವಿಸ್ತೀರ್ಣವನ್ನು ಬೀಜವರಿಯಿಂದ, ಎಂದರೆ ಎಷ್ಟು ಖಂಡುಗ ಎಷ್ಟು ಕೊಳಗ ಬಿತ್ತನೆ ಹಿಡಿಯುತ್ತದೆಂಬುದರಿಂದ, ಹೇಳುತ್ತಿದ್ದರು. ಎರೆಭೂಮಿಯ ಖಂಡುಗವೂ ಗದ್ದೆಯ ಖಂಡುಗವೂ ಒಂದೇ ಅಲ್ಲವೆಂದು ರೈತರಿಗೆ ಹೇಳಬೇಕಾದುದಿಲ್ಲ. ಪಟ್ಟಣದ ಮೊಮ್ಮಕ್ಕಳಿಗೆ ಹೇಳಬೇಕಾಗುತ್ತದೆ.

ಆದುದರಿಂದ ನಮ್ಮ ಸಲಹೆ ಇಷ್ಟು: ಮುತ್ತಜ್ಜನಿಂದ ಕೆಳಕ್ಕೆ ಬರಬೇಡಿರಿ, ಇಂದಿನ ಹೊಲದಿಂದ ಮೇಲಕ್ಕೆ ಹತ್ತಿರಿ. ಮನುಷ್ಯನ ಹೆಸರು ನಂಬಿಕೆಗೆ ಯೋಗ್ಯವಾದ ಗುರುತಲ್ಲ. ಒಂದು ಗ್ರಾಮದಲ್ಲಿ ಹತ್ತು ಮಂದಿ ಬಸಪ್ಪಂದಿರೂ ಹತ್ತು ಮಂದಿ ಹನುಮಂತಪ್ಪಂದಿರೂ ಇದ್ದಾರು. ಅಜ್ಜನ ಹೆಸರು ಮೊಮ್ಮಗನಿಗೆ ಬಂದು, ನೂರು ವರ್ಷಗಳ ಪುಸ್ತಕದಲ್ಲಿ ಒಂದೇ ಹೆಸರು ಮೂವರನ್ನು ಸೂಚಿಸೀತು. ಹೊಲವಾದರೋ ಇದ್ದ ಕಡೆಯೇ ಇರುತ್ತದೆ. ಮೊದಲು ಇಂದಿನ ಪಹಣಿಯನ್ನು ತೆಗೆಯಿರಿ. ೨೦೦೦ದ ಸುಮಾರಿಗೆ ‘ಭೂಮಿ’ ಯೋಜನೆಯು ಪಹಣಿಗಳನ್ನೆಲ್ಲ ಗಣಕಯಂತ್ರಕ್ಕೆ ಏರಿಸಿತು. ಅದಕ್ಕೆ ಹಿಂದಿನ ಕೈಬರಹದ ಪಹಣಿಗಳು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿವೆ. ಪಹಣಿಯ ೯ನೆಯ ಅಂಕಣದಲ್ಲಿ ಖಾತೆದಾರ, ೧೦ರಲ್ಲಿ ಆ ಹಕ್ಕು ಬಂದ ಬಗೆ, ೧೧ರಲ್ಲಿ ಇತರರ ಹಕ್ಕು ಮತ್ತು ಋಣ, ೧೨ರಲ್ಲಿ ಉಳುವವನ ಹೆಸರು. ಹತ್ತನೆಯ ಅಂಕಣವೇ ನಮಗೆ ಏಣಿ. ಅಲ್ಲಿ ಮ್ಯುಟೇಷನ್ನಿನ ಸಂಖ್ಯೆಯಿರುತ್ತದೆ. ಅದು ಅದರ ಹಿಂದಿನ ಮ್ಯುಟೇಷನ್ನಿಗೂ, ಅದು ೧೯೨೭ರ ಮೈಸೂರು ಕಾನೂನಿನ ಮೇರೆಗೆ ತಯಾರಾದ ಹಕ್ಕುದಾಖಲೆಯ ಪುಸ್ತಕಗಳಿಗೂ, ಎಂದರೆ ಜನರು ಐ.ಎಲ್., ಆರ್.ಆರ್. ಎಂದು ಕರೆಯುವವುಗಳಿಗೂ, ಕರೆದೊಯ್ಯುತ್ತದೆ. ‘೩೭/೨’ ಎಂಬಂಥ ನಂಬರಿದ್ದರೆ ಮೂಲದ ೩೭ ಹಿಸ್ಸೆಗಳಾಗಿ ಒಡೆದಿದೆಯೆಂದು ಅರ್ಥ. ಯಾರ ಯಾರ ನಡುವೆ ಒಡೆಯಿತೆಂಬುದು ಸರ್ವೆ ಇಲಾಖೆಯ ಪೋಡಿ ಕಾಗದಗಳಿಂದ ತಿಳಿಯುತ್ತದೆ. ಕಟ್ಟಕಡೆಗೆ ಮೂಲ ಟಿಪ್ಪಣಿ ಮತ್ತು ಆಕಾರಬಂದು. ಅಲ್ಲಿಗೆ ೧೮೬೦–೭೦ರ ದಶಕಗಳನ್ನು ಮುಟ್ಟಿದಂತಾಯಿತು.

ಏಣಿ ಹತ್ತುವಾಗ ಒಂದು ಎಚ್ಚರ ಬೇಕು. ಖಾತೆಯೆಂಬುದು ಕಂದಾಯ ಕಟ್ಟುವ ಹೊಣೆ ಯಾರದೆಂದು ಹೇಳುವ ಲೆಕ್ಕ, ಒಡೆತನದ ಪತ್ರವಲ್ಲ. ಪಹಣಿಯ ನಮೂದನ್ನು ಬೇರೆ ಸಾಕ್ಷ್ಯ ಬರುವವರೆಗೆ ನಿಜವೆಂದು ಭಾವಿಸತಕ್ಕದ್ದೆಂದು ೧೯೬೪ರ ಭೂಕಂದಾಯ ಕಾನೂನು ಹೇಳುತ್ತದೆಯೇ ಹೊರತು ಅದು ಹಕ್ಕನ್ನು ಹುಟ್ಟಿಸುತ್ತದೆಂದು ಹೇಳುವುದಿಲ್ಲ. ಒಟ್ಟುಕುಟುಂಬದಲ್ಲಿ ಹಿರಿಯಣ್ಣನೊಬ್ಬನ ಹೆಸರಿಗೆ ಖಾತೆಯಿರುತ್ತಿತ್ತು. ಅದರಿಂದ ತಮ್ಮಂದಿರ ಪಾಲು ಹೋಗಲಿಲ್ಲ. ಭೋಗ್ಯಕ್ಕೆ ಕೊಟ್ಟ ಹೊಲದಲ್ಲಿ ಭೋಗ್ಯದಾರನೇ ಕಂದಾಯ ಕಟ್ಟುತ್ತ ಬಂದು ಖಾತೆಯೂ ಅವನ ಹೆಸರಿಗೆ ತಿರುಗಿರುವುದುಂಟು. ಅಷ್ಟರಿಂದ ಅದು ಕ್ರಯವಾಗಲಿಲ್ಲ. ಹಾಗೆಂದು ಇಂದು ಹೋಗಿ ಮುತ್ತಜ್ಜನ ಭೋಗ್ಯವನ್ನು ಬಿಡಿಸಿಕೊಳ್ಳುವೆವೆಂದರೆ ಆಗದು. ೧೯೦೮ರ ಕಾಲಮಿತಿ ಕಾನೂನು ಅದಕ್ಕೆ ಅರುವತ್ತು ವರ್ಷ ಕೊಟ್ಟಿತ್ತು. ೧೯೬೩ರ ಕಾನೂನು ಅದನ್ನು ಮೂವತ್ತಕ್ಕೆ ಇಳಿಸಿತು.

ಖಾತೆಗೆ ಜೊತೆಯಾಗಿ ನೋಡಬೇಕಾದದ್ದು ಸಬ್‌ರಿಜಿಸ್ಟ್ರಾರ್ ಕಚೇರಿಯ ಪುಸ್ತಕಗಳು. ಮೈಸೂರಿಗೆ ೧೯೦೩ರ ತನ್ನದೇ ರಿಜಿಸ್ಟ್ರೇಷನ್ ಕಾನೂನಿತ್ತು. ಈಗ ನಡೆಯುತ್ತಿರುವುದು ೧೯೦೮ರ ಕೇಂದ್ರ ಕಾನೂನು. ಈ ಕಾನೂನಿನಂತೆ ಸ್ಥಿರಾಸ್ತಿಯ ಪತ್ರಗಳೆಲ್ಲ ೧ನೆಯ ಪುಸ್ತಕದಲ್ಲಿ, ಉಯಿಲು ಮತ್ತು ದತ್ತಕದ ಅಧಿಕಾರಪತ್ರಗಳು ೩ನೆಯದರಲ್ಲಿ ನಕಲಾಗುತ್ತವೆ. ಒಂದನೆಯ ಪುಸ್ತಕಕ್ಕೆ ಎರಡು ಸೂಚಿಗಳುಂಟು: ಮೊದಲನೆಯದು ಜನರ ಹೆಸರಿನ ಮೇಲೆ, ಎರಡನೆಯದು ಸ್ವತ್ತಿನ ಮೇಲೆ. ಎರಡನೆಯ ಸೂಚಿಯನ್ನು ಹಿಡಿದವನಿಗೆ ಕೆಲಸ ಹಗುರ. ಅದೇತಕ್ಕೆಂದರೆ ಅಲ್ಲಿ ಗ್ರಾಮವನ್ನೂ ಸರ್ವೆ ನಂಬರನ್ನೂ ಹಿಡಿದು ಹೋಗಬಹುದು. ಒಂದನೆಯ ಪುಸ್ತಕವನ್ನು ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದು. ಉಯಿಲಿನ ನಕಲು, ಬರೆದವನು ಸತ್ತ ಮೇಲೆ, ಕೇಳಿದವರಿಗೆ ದೊರೆಯುತ್ತದೆ. ಆದರೆ ಉಯಿಲಿಗೆ ರಿಜಿಸ್ಟ್ರೇಷನ್ ಕಡ್ಡಾಯವಲ್ಲ. ನೂರು ರೂಪಾಯಿಗಿಂತ ಕಡಿಮೆ ಬೆಲೆಯ ಕ್ರಯಕ್ಕೂ ಕಡ್ಡಾಯವಿರಲಿಲ್ಲ. ಇಂದು ನಮಗೆ ನಗೆ ಬರಬಹುದು. ಆ ಕಾಲದಲ್ಲಿ ನೂರು ರೂಪಾಯಿಗೆ ಒಳ್ಳೆಯ ಹೊಲವೇ ಬರುತ್ತಿತ್ತು. ಹೀಗೆ ಅನೇಕ ಕ್ರಯಗಳು ಸರ್ಕಾರದ ಪುಸ್ತಕಕ್ಕೆ ಏರದೆ ಮನೆಯ ತಗಡಿನ ಪೆಟ್ಟಿಗೆಯಲ್ಲಿಯೇ ಉಳಿದುವು, ಅಥವಾ ಗೆದ್ದಲ ಪಾಲಾದುವು.

ಆ ಪೆಟ್ಟಿಗೆಯ ಕಾಗದವನ್ನು ಓದುವುದೂ ಒಂದು ವಿದ್ಯೆ. ಸರ್ವೆಗೆ ಹಿಂದಿನ ಪತ್ರದಲ್ಲಿ ನಮ್ಮ ದಿಕ್ಸೂಚಿಯೆಂದರೆ ಚಕ್ಕುಬಂದಿ: ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಬಂಡಿಯ ಹಾದಿ, ಉತ್ತರಕ್ಕೆ ದೇವರ ಹೊಲ, ದಕ್ಷಿಣಕ್ಕೆ ಇಂಥವನ ಜಮೀನು, ಎಂದು ಮುಂತಾಗಿ. ಇವುಗಳಲ್ಲಿ ಹಳ್ಳ, ಹಾದಿ, ದೇವರ ಹೊಲ, ಈ ಮೂರನ್ನು ಗ್ರಾಮನಕ್ಷೆಯ ಮೇಲೆ ಗುರುತಿಸಬಹುದು. ಮೂರೂ ಒಂದೇ ನಂಬರನ್ನು ಸುತ್ತುವರಿದಿದ್ದರೆ ಹಳೆಯ ಹೆಸರಿನ ಹೊಲಕ್ಕೆ ಹೊಸ ನಂಬರು ಸಿಕ್ಕಿದಂತೆ. ಪಕ್ಕದ ಹೊಲದವನ ಪತ್ರದಲ್ಲಿ ನಮ್ಮ ಹಿರಿಯನ ಹೆಸರು ಚಕ್ಕುಬಂದಿಯಾಗಿ ಬಂದಿದೆಯೇ ಎಂದು ನೋಡುವುದು ಇನ್ನೂ ಒಳ್ಳೆಯದು. ಮಾರುವವನು ತನ್ನ ಹೊಲದ ವಿಷಯದಲ್ಲಿ ಸುಳ್ಳು ಬರೆದಾನು. ನೆರೆಯವನ ಹೊಲ ಯಾರದೆಂಬ ವಿಷಯದಲ್ಲಿ ಸುಳ್ಳು ಬರೆದು ಅವನಿಗೆ ಲಾಭವಿಲ್ಲ.

ಚಕ್ಕುಬಂದಿಯ ಕೆಳಗೆ ಬರುವ ‘ನಿಧಿ ನಿಕ್ಷೇಪ ಜಲ ತರು ಪಾಷಾಣ’ ಎಂಬ ಮಂತ್ರದಂಥ ಮಾತನ್ನು ಅನೇಕರು ಓದದೆ ದಾಟಿಬಿಡುತ್ತಾರೆ. ಅಷ್ಟಭೋಗಗಳೆಂಬ ಈ ಎಣಿಕೆ ವಿಜಯನಗರದ ಶಾಸನಗಳಿಂದ ನಡೆದುಬಂದು ಇಂದಿನ ಛಾಪಾ ಕಾಗದದ ಮೇಲೂ ಕುಳಿತಿದೆ. ಅದು ಬರಿಯ ಅಲಂಕಾರವಲ್ಲ; ಹೊಲದ ಮಣ್ಣೂ, ನೀರೂ, ಮರವೂ, ಕಲ್ಲೂ, ಹೂತಿಟ್ಟ ನಿಧಿಯೂ ಬೇರೆ ಬೇರೆ ಹಕ್ಕುಗಳೆಂದೂ, ಅವೆಲ್ಲವನ್ನೂ ಕೊಟ್ಟಿದೆಯೆಂದೂ ಅದರ ತಾತ್ಪರ್ಯ.

ಶಾನುಭೋಗರ ಲೆಕ್ಕಗಳು ದೊರೆತವರಂತೂ ಪುಣ್ಯವಂತರು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಪ್ಪು ಪುಸ್ತಕವೇ ಕಡತ. ಸರ್ಕಾರಿ ಕಚೇರಿಯ ಕಟ್ಟುಗಳನ್ನು ನಾವು ಈಗಲೂ ಕಡತವೆನ್ನುವುದು ಅದರ ನೆನಪಿನಿಂದ. ಕಾಗದಕ್ಕಿಂತ ಅದು ಬಹುಕಾಲ ಬಾಳುತ್ತದೆ. ಆದರೆ ಬಳಪದ ಬರಹವನ್ನು ಒರಸಿ ಮತ್ತೆ ಬರೆಯಬಹುದೆಂಬುದನ್ನು ಓದುವವನು ಮರೆಯಕೂಡದು. ಪಟೇಲ ಶಾನುಭೋಗಿಕೆಗಳನ್ನು ೧೯೬೧ರ ಕಾನೂನು ರದ್ದುಮಾಡಿತು. ಆ ಮನೆಗಳಲ್ಲಿದ್ದ ಲೆಕ್ಕಗಳಲ್ಲಿ ಕೆಲವು ಪತ್ರಾಗಾರಗಳನ್ನು ಸೇರಿದುವು, ಕೆಲವು ಒಲೆಯನ್ನು ಸೇರಿದುವು.

ಇನ್ನೂ ಹಿಂದಕ್ಕೆ ಹೋದರೆ ಕಲ್ಲೇ ಪತ್ರ. ಹರಿಹರೇಶ್ವರನ ಗುಡಿಯನ್ನು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು ೧೨೨೪ರಲ್ಲಿ ಕಟ್ಟಿಸಿದನು; ಅದರ ಅಂಗಳದಲ್ಲಿಯೂ ಸುತ್ತಲೂ ಇರುವ ಶಾಸನಗಳು ರೈಸ್ ಸಾಹೇಬರ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೊಂದನೆಯ ಸಂಪುಟದಲ್ಲಿ ದಾವಣಗೆರೆ ತಾಲ್ಲೂಕಿನ ಹೆಸರಿ‌ನಡಿ ಅಚ್ಚಾಗಿವೆ. ಅವುಗಳಲ್ಲಿ ೧೪೧೦ರ ಒಂದು ಒಡಂಬಡಿಕೆ ನಮ್ಮ ವಿಷಯಕ್ಕೆ ಬಹಳ ಹತ್ತಿರವಾದದ್ದು. ಸೂಳೆಕೆರೆಯಿಂದ ಹರಿದುಬಂದು ಹರಿಹರದ ಬಳಿ ತುಂಗಭದ್ರೆಯನ್ನು ಸೇರುವ ಹರಿದ್ರಾ ನದಿಗೆ ಅಣೆಕಟ್ಟನ್ನು ಕಟ್ಟಿ, ದೇವರ ಭೂಮಿಗಳ ಮೂಲಕ ಕಾಲುವೆ ತೆಗೆದರು. ಆ ಕಾಲುವೆಯಿಂದ ನೀರುಣ್ಣುವ ಭೂಮಿಯಲ್ಲಿ ದೇವರಿಗೆ ಎರಡು ಭಾಗ, ಬ್ರಾಹ್ಮಣರಿಗೆ ಒಂದು ಭಾಗ. ಖರ್ಚೂ ಅದೇ ಪ್ರಮಾಣದಲ್ಲಿ ಹಂಚಿಕೆ. ಕಟ್ಟೆ ಒಡೆದು ೧೪೨೪ರಲ್ಲಿ ಮತ್ತೆ ಕಟ್ಟಿಸಿದ ವೃತ್ತಾಂತವೂ ಕಲ್ಲಿನ ಮೇಲಿದೆ. ಯಾರದು ಈ ಭೂಮಿ ಎಂದು ಕೇಳಿದರೆ ಆ ಶಾಸನದಿಂದ ಒಂದೇ ಹೆಸರಿನ ಉತ್ತರ ದೊರೆಯುವುದಿಲ್ಲ. ದೇವರ ಪಾಲು, ಬ್ರಾಹ್ಮಣರ ಪಾಲು ಎರಡೂ ಅಲ್ಲಿವೆ; ನೇಗಿಲು ಹಿಡಿದವರ ಹೆಸರು ಮಾತ್ರ ಆ ಹಂಚಿಕೆಯಲ್ಲಿ ಬರುವುದಿಲ್ಲ.

‘ನಮ್ಮ ಜಮೀನು’ ಎಂಬ ಮಾತಿನ ಗಂಟು ಇಲ್ಲಿಯೇ ಇರುವುದು. ಅನೇಕ ಮನೆತನಗಳ ಹಿರಿಯರಿಗೆ ಬಂದದ್ದು ಇನಾಮು. ಸರ್ವಮಾನ್ಯ, ಜೋಡಿ, ಕಾಯಂಗುತ್ತ, ಕೆರೆ ಕಟ್ಟಿದವರಿಗೆ ಕೊಡಗಿ, ಯುದ್ಧದಲ್ಲಿ ಮಡಿದವನ ಮನೆಗೆ ನೆತ್ತರುಗೊಡಗಿ, ಶಾನುಭೋಗನಿಗೂ ತೋಟಿ ತಳವಾರರಿಗೂ ಸೇವೆಯ ಉಂಬಳಿ, ಹೀಗೆ ಇನಾಮಿನಲ್ಲಿ ನಾನಾ ಬಗೆ. ಇವುಗಳಲ್ಲಿ ಹಲವೆಡೆ ಹಿರಿಯನಿಗೆ ಸೇರಿದ್ದು ಸರ್ಕಾರಕ್ಕೆ ಬರಬೇಕಾದ ಕಂದಾಯವೇ ಹೊರತು ನೆಲವಲ್ಲ; ನೆಲದ ಮೇಲಿದ್ದವರು ಬೇರೆ ಒಕ್ಕಲು. ದಾವಣಗೆರೆಯ ಚರಿತ್ರೆಯ ಆರಂಭದಲ್ಲಿಯೇ ಇದರ ದೊಡ್ಡ ಉದಾಹರಣೆಯುಂಟು. ಆಗ ಸಣ್ಣ ಹಳ್ಳಿಯಾಗಿದ್ದ ಈ ಊರನ್ನು ಹೈದರನು ಅಪ್ಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನು. ಅವನು ವರ್ತಕರನ್ನು ಕರೆಸಿ ನೆಲೆಗೊಳಿಸಿ ಪೇಟೆಯನ್ನು ಬೆಳೆಸಿದನು, ವಾರಸುದಾರರಿಲ್ಲದೆ ಸತ್ತನು. ಪೇಟೆ ಮಾತ್ರ ಬೆಳೆಯುತ್ತಲೇ ಹೋಯಿತು. ಜಹಗೀರಿನೊಡನೆ ವರ್ತಕರ ಮನೆ ಮಳಿಗೆಗಳು ಹೋಗಲಿಲ್ಲ.

ಸ್ವಾತಂತ್ರ್ಯ ಬಂದ ತರುವಾಯ ಈ ಪದರಗಳನ್ನು ಕಾನೂನೇ ಬಿಡಿಸಿತು. ವೈಯಕ್ತಿಕ ಇನಾಮುಗಳನ್ನು ೧೯೫೪ರ ಕಾನೂನು, ಧಾರ್ಮಿಕ ಇನಾಮುಗಳನ್ನು ೧೯೫೫ರ ಕಾನೂನು ರದ್ದುಮಾಡಿದುವು. ೧೯೬೧ರ ಭೂಸುಧಾರಣಾ ಕಾನೂನಿಗೆ ತಂದ ತಿದ್ದುಪಡಿಯಿಂದ ೧೯೭೪ರ ಮಾರ್ಚಿ ೧ರಂದು ಗೇಣಿಯ ಜಮೀನುಗಳೆಲ್ಲ ಸರ್ಕಾರದಲ್ಲಿ ನಿಹಿತವಾದುವು. ಉಳುವವರು ೭ನೆಯ ನಮೂನೆಯ ಅರ್ಜಿಯನ್ನು ಭೂನ್ಯಾಯಮಂಡಳಿಗೆ ಕೊಟ್ಟು ಒಡೆಯರಾದರು. ಪಟ್ಟಣದ ಮೊಮ್ಮಗನು ಏಣಿ ಹತ್ತುತ್ತ ಹೋಗಿ ಮ್ಯುಟೇಷನ್ನಿನಲ್ಲಿ ಭೂನ್ಯಾಯಮಂಡಳಿಯ ಆದೇಶವನ್ನು ಕಂಡನೆಂದರೆ, ಅಲ್ಲಿಂದ ಆಚೆಗೆ ಅವನಿಗೆ ದೊರೆಯುವುದು ಚರಿತ್ರೆ ಮಾತ್ರ, ಹಕ್ಕಲ್ಲ. ‘ನಮ್ಮ ಹೊಲವನ್ನು ಗೇಣಿದಾರ ನುಂಗಿದ’ ಎನ್ನುವವರು ಅದಕ್ಕೆ ಹಿಂದಿನ ಪಹಣಿಗಳ ೧೨ನೆಯ ಅಂಕಣವನ್ನೂ ಒಮ್ಮೆ ಓದಲಿ. ವರ್ಷವರ್ಷವೂ ಅಲ್ಲಿ ಒಂದೇ ಹೆಸರಿದ್ದರೆ, ಆ ನೆಲಕ್ಕೆ ಬೆವರು ಸುರಿಸಿದವರು ಯಾರೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ದಾವಣಗೆರೆ ಪಟ್ಟಣದೊಳಗೆ ಹುಡುಕುವವರಿಗೆ ಇನ್ನೊಂದು ತೊಡಕು. ಹೊಲಗಳು ಬಡಾವಣೆಗಳಾಗಿ, ಸರ್ವೆ ನಂಬರು ಮನೆಯ ನಂಬರಾಗಿ, ತಾಲ್ಲೂಕು ಕಚೇರಿಯ ಖಾತೆ ಮಹಾನಗರಪಾಲಿಕೆಯ ಖಾತೆಯಾಗಿ ಮಾರ್ಪಟ್ಟಿದೆ. ಇಲ್ಲಿ ಸೇತುವೆಯಾಗತಕ್ಕದ್ದು ಭೂಪರಿವರ್ತನೆಯ ಆದೇಶ. ಅದರಲ್ಲಿ ಎರಡು ಗುರುತುಗಳೂ ಸಿಕ್ಕುತ್ತವೆ. ಹಳ್ಳಿಗಳ ಕಡೆ ಭದ್ರಾ ನಾಲೆಗಳು ಜೋಳ ಹತ್ತಿಗಳ ಖುಷ್ಕಿಯನ್ನು ಬತ್ತದ ಗದ್ದೆಯಾಗಿ ಮಾಡಿರುವುದರಿಂದ, ಹಳೆಯ ಪತ್ರದ ‘ಖುಷ್ಕಿ’ ಎಂಬ ಮಾತನ್ನು ಕಂಡು ‘ಇದು ನಮ್ಮ ಹೊಲವಲ್ಲ’ ಎಂದು ಕೈಬಿಡಲಾಗದು.

ಇನ್ನು ಹೆಣ್ಣುಮಕ್ಕಳ ವಿಷಯ. ಮೇಲೆ ಹೇಳಿದ ಏಣಿಯ ಮೆಟ್ಟಿಲುಗಳಲ್ಲಿ ಅವರ ಹೆಸರು ಅತ್ಯಂತ ವಿರಳ. ಆದರೆ ಹುಡುಕುವವನಿಗೆ ಕಾಣದಷ್ಟು ವಿರಳವಲ್ಲ. ಮದುವೆಯಲ್ಲಿ ಮಗಳಿಗೆ ‘ಅರಿಶಿನ ಕುಂಕುಮಕ್ಕೆಂದು’ ಬರೆದುಕೊಟ್ಟ ದಾನಪತ್ರ, ವಿಧವೆಯಾದ ಸೊಸೆಗೆ ಇಷ್ಟು ಚೀಲ ಜೋಳವೆಂದು ನಿಗದಿಮಾಡಿದ ಜೀವನಾಂಶದ ಪತ್ರ, ಇವು ಒಂದನೆಯ ಪುಸ್ತಕದಲ್ಲಿಯೇ ಇವೆ. ಮೈಸೂರು ಸಂಸ್ಥಾನವು ೧೯೩೩ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನನ್ನು ಮಾಡಿ, ವಿಭಾಗದ ಕಾಲದಲ್ಲಿ ತಾಯಿಗೂ, ಮದುವೆಯಾಗದ ಹೆಣ್ಣುಮಕ್ಕಳಿಗೂ, ಗಂಡುಮಕ್ಕಳಿಲ್ಲದೆ ತೀರಿಕೊಂಡ ಅವಿಭಕ್ತ ಸೋದರರ ವಿಧವೆಯರಿಗೂ ಭಾಗವನ್ನು ವಿಧಿಸಿತು. ಹೊಳೆಯ ಆಚೆ ದಡದ ರಾಣೆಬೆನ್ನೂರಿನಲ್ಲಿ ಆಗ ಇಂಥ ಕಾನೂನಿರಲಿಲ್ಲ. ಬ್ರಿಟಿಷ್ ಇಂಡಿಯಾದಲ್ಲಿ ೧೯೩೭ರಲ್ಲಿ ವಿಧವೆಯರಿಗೆ ಹಕ್ಕು ಬಂದಿತಾದರೂ, ಅದು ಕೃಷಿಭೂಮಿಗೆ ತಗಲದೆಂದು ೧೯೪೧ರಲ್ಲಿ ಫೆಡರಲ್ ನ್ಯಾಯಸ್ಥಾನವು ತೀರ್ಪಿತ್ತಿತು. ಅದನ್ನು ಕೃಷಿಭೂಮಿಗೆ ವಿಸ್ತರಿಸುವ ಕೆಲಸ ಪ್ರಾಂತಗಳ ಪಾಲಿಗೆ ಬಂದಿತು. ಒಬ್ಬ ತಾಯಿಯ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳನ್ನು ಈ ದಡಕ್ಕೂ ಒಬ್ಬಳನ್ನು ಆ ದಡಕ್ಕೂ ಕೊಟ್ಟಿದ್ದರೆ, ವಿಧವೆಯಾದ ಕಾಲಕ್ಕೆ ಅವರಿಬ್ಬರ ಹಕ್ಕು ಬೇರೆ ಬೇರೆ. ಹೀಗಾಗಿ ಹರಿಹರದ ಕಡೆ ೧೯೩೩ರ ಈಚಿನ ವಿಭಾಗಪತ್ರದಲ್ಲಿ ತಾಯಿಯ ಹೆಸರೇ ಇಲ್ಲದಿದ್ದರೆ, ಅದೇಕೆ ಇಲ್ಲವೆಂದು ಕೇಳುವುದು ನ್ಯಾಯ.

ಸತ್ತವನ ವಿಧವೆ ಜೀವಮಾನಪರ್ಯಂತ ಹೊಲವನ್ನು ಅನುಭವಿಸಿ, ಆಕೆ ಸತ್ತ ಮೇಲೆ ಗಂಡನ ದಾಯಾದಿಗಳು ನ್ಯಾಯಸ್ಥಾನಕ್ಕೆ ಹೋದ ಮೊಕದ್ದಮೆಗಳು ಹಿಂದಿನ ಕಾಲದಲ್ಲಿ ಬಹಳ. ‘ಗೆದ್ದವ ಸೋತ, ಸೋತವ ಸತ್ತ’ ಎಂಬ ಗಾದೆ ಅವರ ಮಟ್ಟಿಗೆ ನಿಜವಾಗಿದ್ದಿರಬಹುದು. ನಮಗೆ ಮಾತ್ರ ಅವರಿಂದ ಮಹೋಪಕಾರವಾಗಿದೆ. ಏಕೆಂದರೆ ಇಂಥ ದಾವೆಗಳಲ್ಲಿ ವಾದಿಯು ವಂಶವೃಕ್ಷವನ್ನು ರುಜುವಾತುಪಡಿಸಲೇಬೇಕು, ಪ್ರತಿವಾದಿಯು ಅದರಲ್ಲಿ ತಪ್ಪು ಹುಡುಕಲೇಬೇಕು. ಹೀಗೆ ಇಬ್ಬರು ವೈರಿಗಳು ಕೂಡಿ ಪರೀಕ್ಷಿಸಿದ ವಂಶಾವಳಿಗಿಂತ ಗಟ್ಟಿಯಾದದ್ದು ಬೇರೆಲ್ಲಿ ಸಿಕ್ಕೀತು? ೧೮೮೪ರಲ್ಲಿ ಸ್ಥಾಪಿತವಾಗಿ ೧೯೩೦ರಲ್ಲಿ ಹೈಕೋರ್ಟಾದ ಮೈಸೂರಿನ ಚೀಫ್ ಕೋರ್ಟಿನ ಅಚ್ಚಾದ ತೀರ್ಪುಗಳನ್ನು ಈ ದೃಷ್ಟಿಯಿಂದ ತಿರುವಿಹಾಕಬಹುದು.

ಇಂದು ಈ ಪ್ರಶ್ನೆ ಚರಿತ್ರೆಯದಾಗಿ ಉಳಿದಿಲ್ಲ. ಕರ್ನಾಟಕವು ೧೯೯೪ರಲ್ಲಿ ಆ ವೇಳೆಗೆ ಮದುವೆಯಾಗದಿದ್ದ ಮಗಳನ್ನೂ ಮಗನಂತೆಯೇ ಹುಟ್ಟಿನಿಂದ ಪಾಲುದಾರಳನ್ನಾಗಿ ಮಾಡಿತು. ೨೦೦೫ರ ಸೆಪ್ಟೆಂಬರ್ ೯ರಿಂದ ಕೇಂದ್ರದ ಕಾನೂನು ಮದುವೆಯ ಭೇದವನ್ನೂ ಎಣಿಸದೆ ದೇಶಕ್ಕೆಲ್ಲ ಆ ಹಕ್ಕನ್ನು ವಿಸ್ತರಿಸಿತು. ಅಂದು ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲವೆಂದು ೨೦೨೦ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿತು. ಆದರೆ ೨೦೦೪ರ ಡಿಸೆಂಬರ್ ೨೦ಕ್ಕೆ ಮೊದಲೇ ರಿಜಿಸ್ಟರಾದ ವಿಭಾಗಪತ್ರದಿಂದ ಅಥವಾ ನ್ಯಾಯಸ್ಥಾನದ ಡಿಕ್ರಿಯಿಂದ ಪಾಲಾಗಿದ್ದರೆ ಅದನ್ನು ಕದಲಿಸುವಂತಿಲ್ಲ. ಎಂದ ಮೇಲೆ ಅಜ್ಜನ ಕಾಲದ ವಿಭಾಗಪತ್ರವೊಂದು ೧ನೆಯ ಪುಸ್ತಕದಲ್ಲಿ ಇದೆಯೇ ಇಲ್ಲವೇ ಎಂಬುದರ ಮೇಲೆ ಒಬ್ಬ ಮೊಮ್ಮಗಳ ಪಾಲು ನಿಂತಿದೆ. ‘ಬಾಯಿಮಾತಿನಲ್ಲಿ ಎಂದೋ ಪಾಲಾಗಿತ್ತು’ ಎಂದು ಅಣ್ಣಂದಿರು ಹೇಳುವುದು ಸಾಮಾನ್ಯ. ಅಂಥ ವಾದವನ್ನು ಸುಲಭವಾಗಿ ಒಪ್ಪತಕ್ಕದ್ದಲ್ಲವೆಂದೂ ಅದೇ ತೀರ್ಪಿನಲ್ಲಿದೆ. ಆದುದರಿಂದ ಹೆಣ್ಣುಮಗಳೊಬ್ಬಳು ಹಕ್ಕುಖುಲಾಸೆಯ ಕಾಗದಕ್ಕೆ ರುಜು ಹಾಕುವ ಮೊದಲು ಮಾಡಬೇಕಾದ ಕೆಲಸಗಳು ಎರಡು. ಒಂದು, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಗ್ರಾಮದ ಹೆಸರು ಮತ್ತು ಸರ್ವೆ ನಂಬರು ಕೊಟ್ಟು ಎರಡನೆಯ ಸೂಚಿಯನ್ನು ನೋಡಿಸುವುದು. ಎರಡು, ಗ್ರಾಮ ಆಡಳಿತಾಧಿಕಾರಿಯ ಮುಂದೆ ವಂಶವೃಕ್ಷ ಬರೆಸುವಾಗ ತಾನೂ ಅಲ್ಲಿದ್ದು, ಮದುವೆಯಾಗಿ ಬೇರೆ ಊರಿಗೆ ಹೋದ ಅಕ್ಕತಂಗಿಯರ, ಅತ್ತೆಯರ, ತೀರಿಹೋದವರಿದ್ದರೆ ಅವರ ಮಕ್ಕಳ ಹೆಸರುಗಳನ್ನೂ ಸೇರಿಸಿದ್ದಾರೆಯೇ ಎಂದು ಓದಿಸಿ ಕೇಳುವುದು.